ಬಕೆಟ್ ತುಂಬಾ ನೀರಿದ್ರೂ ಏಡಿ ಯಾಕೆ ಸತ್ತವು?

ಪ್ರಶ್ನೆ: ಸಾರ್ ನಮಸ್ತೆ. ನಮ್ಮೂರು ಕುಂದಾಪುರ, ಈಗ ಅಮೆರಿಕದ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಲಿ ಇದೀವಿ. ಈ ಸಲ ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ರು. ಜುಲೈಲಿ ಒಂದು ಭಾನುವಾರ ಕೆಂಟ್ ಐಲ್ಯಾಂಡ್ ಕಡೆ ಹೋಗಿ ದಾರಕ್ಕೆ ಕೋಳಿ ಕತ್ತು ಕಟ್ಟಿ 18 ನೀಲಿ ಏಡಿ ಹಿಡಿದ್ವಿ. ಅಲ್ಲಿನ ನೀರನ್ನೇ ಬಕೆಟ್ಟಿಗೆ ತುಂಬಿ ಏಡಿ ಹಾಕಿ ಮುಚ್ಚಳ ಮುಚ್ಚಿ ಡಿಕ್ಕಿಲಿ ಇಟ್ವಿ, ಬೇ ಬ್ರಿಡ್ಜ್ ಟ್ರಾಫಿಕ್ಕಲ್ಲಿ ಸಿಕ್ಕಿ ಮನೆಗೆ ಬರೋ ಹೊತ್ತಿಗೆ ಎರಡೂವರೆ ಗಂಟೆ ಆಯ್ತು. ನೋಡಿದ್ರೆ 11 ಸತ್ತಿದ್ವು. ನಮ್ಮನೆಯವರು "ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ" ಅಂದ್ರು, ಅಮ್ಮ "ಸತ್ತ್ ಏಡಿ ತಿಂಬುಕಾಗ" ಅಂತ ಹಠ ಮಾಡಿ ಎಸೆದ್ರು. ಉಳಿದ 7 ಬೇಯಿಸಿದ್ವಿ, ಕೆಂಪಾದ ತಕ್ಷಣ ಇಳಿಸಿ, ಬಕೆಟ್ ಒಂದ್ಸಲ ನೀರಲ್ಲಿ ಕುಲುಕಿ ಅದರಲ್ಲೇ ಹಾಕಿ ಹಿಂದಿನ ಡೆಕ್ಕಿಗೆ ತಗೊಂಡು ಹೋಗಿ ತಿಂದ್ವಿ. ಮಾರನೇ ದಿನ ಮಧ್ಯಾಹ್ನದಿಂದ ಮಗನಿಗೆ ಎರಡು ದಿನ ಲೂಸ್ ಮೋಷನ್. ಅಮ್ಮ ಹೇಳೋದು ಬೇಸಿಗೇಲಿ ಏಡಿ ಉಷ್ಣ, ಅದಕ್ಕೇ ಹಿಂಗಾಯ್ತು, ಹುಣ್ಣಿಮೆ ಹತ್ರ ಬೇರೆ ಇತ್ತು, ಏಡಿ ಒಳಗೆ ಏನೂ ಇರ್ಲಿಲ್ಲ ಅಂತ. ಪಕ್ಕದ ಮನೆಯವರು ಒಳಗಿನ ಹಳದಿ ತಿನ್ನಬೇಡಿ ಮರ್ಕ್ಯುರಿ ಅಂತಾರೆ, ಅಮ್ಮನಿಗೆ ಅದೇ ಪ್ರಾಣ. ಮೊಟ್ಟೆ ಇರೋ ಹೆಣ್ಣೇಡಿ ಸಿಕ್ಕಿತ್ತು, ಜೊತೆಗಿದ್ದ ಫ್ರೆಂಡ್ ಬಿಡಿಸಿಬಿಟ್ಟ, ಅಮ್ಮನಿಗೆ ಅದೂ ಬೇಜಾರು. ಅಪ್ಪನಿಗೆ ಶುಗರ್ ಇದೆ, ಏಡಿ ಬೆರಳು ಕಚ್ಚಿ ರಕ್ತ ಬಂದಿತ್ತು, ಮಾಂಸ ತಿನ್ನೋ ಬ್ಯಾಕ್ಟೀರಿಯಾ ಅಂತ ನ್ಯೂಸಲ್ಲಿ ನೋಡಿ ಭಯ ಆಗಿದೆ (ಗಾಯ ಈಗ ವಾಸಿಯಾಗಿದೆ). ಇನ್ಮುಂದೆ ಏಡಿ ಸಹವಾಸವೇ ಬೇಡ್ವಾ?

ಉತ್ತರ: ಸಹವಾಸ ಬಿಡೋ ಅಂಥದ್ದೇನೂ ಆಗಿಲ್ಲ. ಆದ್ರೆ ನೀವು ಬರೆದಿರೋದರಲ್ಲಿ ನೀವೇ ಗಮನಿಸದೇ ದಾಟಿಹೋಗಿರೋ ಒಂದು ಸಾಲಿದೆ, "ಬಕೆಟ್ ಕುಲುಕಿ ಅದರಲ್ಲೇ ಹಾಕಿ" ಅಂತ. ನಂಗೆ ಇಡೀ ಪತ್ರದಲ್ಲಿ ಕಣ್ಣಿಗೆ ಚುಚ್ಚಿದ್ದು ಅದು, ಸತ್ತ 11 ಏಡಿ ಅಲ್ಲ. ಅದಕ್ಕೆ ಬರ್ತೀನಿ. ನಾನು ಕುಮಟಾ ಕಡೆಯವನು, ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲಿ ಓದಿ ಈಗ 17 ವರ್ಷದಿಂದ ಇಲ್ಲಿ ಚೆಸಪೀಕ್ ಬೇ ಅನ್ನೋ ಕೊಲ್ಲಿ ದಂಡೆಲಿ ಸೀಫುಡ್ ಕ್ವಾಲಿಟಿ ಕೆಲಸ ಮಾಡ್ತಿದೀನಿ, ದಿನಾ ಬುಟ್ಟಿಗಟ್ಟಲೆ ಏಡಿ ನೋಡೋನು, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಸಹಿಸಿಕೊಳ್ಳಿ.

ಮೊದಲು ಏಡಿ ಯಾಕೆ ಸತ್ತವು. ಎಲ್ಲರೂ ಮಾಡೋ ತಪ್ಪೇ ಇದು, ನೀರಿನ ಪ್ರಾಣಿ, ನೀರಲ್ಲಿಟ್ರೆ ಬದುಕತ್ತೆ ಅಂತ. ಏಡಿಗೆ ಬೇಕಾಗಿರೋದು ನೀರಲ್ಲ, ಆಮ್ಲಜನಕ. ನಿಂತ ನೀರಲ್ಲಿ ಕರಗಿರೋ ಆಮ್ಲಜನಕ ಅಷ್ಟಿಷ್ಟೇ, ಅದೂ ನೀರು ಬಿಸಿಯಾದಷ್ಟೂ ಕಡಿಮೆ, ಸಿಹಿನೀರಲ್ಲೇ ಲೆಕ್ಕ ಹಾಕಿದ್ರೆ 10 ಡಿಗ್ರಿ ಸೆಲ್ಸಿಯಸ್ಸಲ್ಲಿ ಲೀಟರ್‌ಗೆ 11 ಮಿಲಿಗ್ರಾಂ ಹತ್ರ ಹಿಡಿಯತ್ತೆ, 28 ಡಿಗ್ರಿಗೆ 8ಕ್ಕಿಂತ ಕೆಳಗೆ, ಉಪ್ಪುನೀರಲ್ಲಿ ಇನ್ನೂ ಕಮ್ಮಿ. ಒಂದು ಬಕೆಟ್ಟಲ್ಲಿ 18 ಏಡಿ, ಸಿಟ್ಟಲ್ಲಿ ಒಂದರ ಕಾಲು ಒಂದು ಹಿಡ್ಕೊಂಡು ಒದ್ದಾಡ್ತಿರೋವು, ಮೇಲೆ ಮುಚ್ಚಳ, ಜುಲೈ ಬಿಸಿಲಿನ ಡಿಕ್ಕಿ. ಅರ್ಧ ಗಂಟೇಲಿ ಆ ನೀರಲ್ಲಿ ಉಸಿರಾಡೋಕೆ ಏನೂ ಉಳಿದಿರಲ್ಲ. ಸರಳವಾಗಿ ಹೇಳಬೇಕಂದ್ರೆ ಅವು ಉಸಿರುಗಟ್ಟಿ ಸತ್ತಿದ್ದು. ಬೇಸಿಗೇಲಿ ಕೊಲ್ಲಿಯೊಳಗೇ ಹಿಂಗೆ ಆಗತ್ತೆ, ಆಳದ ನೀರಲ್ಲಿ ಆಮ್ಲಜನಕ ಖಾಲಿಯಾಗಿ ಏಡಿಗಳೆಲ್ಲ ದಂಡೆ ಕಡೆ ನುಗ್ಗಿ ಬರ್ತವೆ.

ಅದೇ ಏಡಿನ ನೀರಿಲ್ಲದೆ ಇಟ್ಟಿದ್ರೆ ಬದುಕಿರೋದು. ಕಿವಿರು ಒದ್ದೆಯಾಗಿದ್ರೆ ಅದು ಗಾಳಿಯಿಂದಾನೇ ಉಸಿರಾಡತ್ತೆ, ಬಾಯಿ ಹತ್ರ ಸಣ್ಣ ಸಣ್ಣ ನೊರೆ ಬರ್ತಿರತ್ತಲ್ಲ, ಅದು ಒಳಗಿರೋ ಚೂರು ನೀರನ್ನೇ ಮತ್ತೆ ಮತ್ತೆ ಗಾಳಿಗೆ ಒಡ್ಡಿ ಉಪಯೋಗಿಸ್ತಿರೋದು. ಇಲ್ಲಿನ ಏಡಿಗಾರರು ಮರದ ಬುಟ್ಟಿಗೆ ಹಾಕಿ ಮೇಲೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡ್ತಾರೆ, ತಂಪಾಗಿದ್ರೆ ಒಂದು ದಿನ ಆರಾಮಾಗಿ ಇರತ್ತೆ. ಐಸ್ ಹಾಕಬಹುದು, ಆದ್ರೆ ಐಸ್ ಕರಗಿದ ನೀರು ಕೂಲರ್ ತಳದಲ್ಲಿ ನಿಲ್ಲಬಾರದು, ನಿಂತ್ರೆ ಮತ್ತೆ ಅದೇ ಬಕೆಟ್ ಕಥೆ.

ಇನ್ನು ಸತ್ತದ್ದು ತಿನ್ನಬಹುದಾ. ಇಲ್ಲಿ ಅಮ್ಮ ಗೆದ್ರು, ನಿಮ್ಮ ಯಜಮಾನರು ಸೋತ್ರು. ಏಡಿ ಸತ್ತ ಕೂಡಲೇ ಅದರ ಜೀರ್ಣಾಂಗದ ರಸಗಳು ಅದರ ಮಾಂಸವನ್ನೇ ಕರಗಿಸೋಕೆ ಶುರು ಮಾಡ್ತವೆ, ಒಳಗಿದ್ದ ಬ್ಯಾಕ್ಟೀರಿಯಾಕ್ಕೆ ತಡೆ ಹೋಗಿ ಬೆಚ್ಚಗಿನ ಜಾಗದಲ್ಲಿ ಗಂಟೆ ಗಂಟೆಗೆ ಎಷ್ಟೋ ಪಟ್ಟು ಆಗ್ತವೆ. ಬೇಯಿಸಿದ್ರೆ ಬ್ಯಾಕ್ಟೀರಿಯಾ ಸಾಯತ್ತೆ ನಿಜ, ಆದ್ರೆ ಅವು ಬಿಟ್ಟುಹೋದ ಕೆಲವು ವಿಷ ಬೇಯಿಸಿದ್ರೂ ಹೋಗಲ್ಲ. "ಚೆನ್ನಾಗಿ ಬೇಯಿಸಿದ್ರೆ ಆಯ್ತು" ಅನ್ನೋದು ಅರ್ಧ ಸತ್ಯ, ಆ ಅರ್ಧದಲ್ಲೇ ಜನ ಆಸ್ಪತ್ರೆ ಸೇರೋದು.

ನೀವು ಕೇಳಬಹುದು, ಊರಲ್ಲಿ ಮೀನು ಮಾರ್ಕೆಟ್ಟಲ್ಲಿ ಸತ್ತ ಏಡಿನೇ ತಾನೇ ಮಾರೋದು ಅಂತ. ಹೌದು, ಬೋಟಲ್ಲಿ ಬರೋ ಸಮುದ್ರ ಏಡಿ, ಮೈಮೇಲೆ ಮೂರು ಚುಕ್ಕೆ ಇರತ್ತಲ್ಲ ಅದು, ಜಾಸ್ತಿ ಸತ್ತೇ ಬರೋದು, ಹೊಳೆ ಏಡಿ ಮಾತ್ರ ಹಗ್ಗ ಕಟ್ಟಿ ಜೀವಂತ ಮಾರ್ತಾರೆ. ವ್ಯತ್ಯಾಸ ಇರೋದು ಐಸಲ್ಲಿ. ಬಲೆಯಿಂದ ತೆಗೆದ ಕೂಡಲೇ ಐಸಿಗೆ ಬಿದ್ದ ಏಡಿ ಬೇರೆ, ಬಿಸಿ ಡಿಕ್ಕಿಲಿ ಯಾವಾಗ ಸತ್ತಿತೋ ಗೊತ್ತಿಲ್ಲದ ಏಡಿ ಬೇರೆ. ಐಸ್ ಮೇಲೇ ಇಟ್ಟು, ನಿಮ್ಮ ಕಣ್ಣೆದುರಿಗೇ ಈಗಷ್ಟೇ ಸತ್ತಿದ್ರೆ ಕೂಡಲೇ ಕ್ಲೀನ್ ಮಾಡಿ ಬೇಯಿಸೋರು ಇದಾರೆ, ನಾನೂ ಒಬ್ಬನೇ ಇದ್ದಾಗ ಮಾಡಿದೀನಿ, ಆದ್ರೆ ಚಿಕ್ಕ ಮಗು ಮತ್ತೆ ಶುಗರ್ ಇರೋ ಹಿರಿಯರು ಇರೋ ಮನೇಲಿ ಆ ಲೆಕ್ಕಾಚಾರವೇ ಬೇಡ, ಎಸೀರಿ. ಅಂದಹಾಗೆ ಐಸಲ್ಲಿಟ್ಟ ಏಡಿ ಸತ್ತ ಹಾಗೇ ಕಾಣತ್ತೆ, ಬರೀ ಮರಗಟ್ಟಿರತ್ತೆ. ಹತ್ತು ನಿಮಿಷ ಹೊರಗಿಟ್ಟು ಕಣ್ಣಿನ ಹತ್ರ ಚಮಚದಲ್ಲಿ ಮುಟ್ಟಿ ನೋಡಿ, ಜೀವ ಇದ್ರೆ ಕಣ್ಣು ಒಳಗೆ ಎಳ್ಕೊಳ್ಳತ್ತೆ.

ಈಗ ಆ ಬಕೆಟ್. ಬೇಸಿಗೇಲಿ ಈ ಕೊಲ್ಲಿಯ ಸಪ್ಪೆ ಉಪ್ಪಿನ ಬೆಚ್ಚಗಿನ ನೀರಲ್ಲಿ ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾ ಸಹಜವಾಗೇ ಇರತ್ತೆ, ಗಲೀಜಿಂದ ಬಂದಿದ್ದಲ್ಲ, ಅದರ ಊರೇ ಅದು. ಏಡಿ ಮೈಮೇಲೂ ಇರತ್ತೆ. ಹಬೇಲಿ ಸರಿಯಾಗಿ ಬೆಂದ್ರೆ ಸಾಯತ್ತೆ. ಆದ್ರೆ ಬೆಂದ ಏಡಿನ ಹಸಿ ಏಡಿ ಇದ್ದ ಪಾತ್ರೆಗೆ ವಾಪಸ್ ಹಾಕಿದ್ರೆ ಬಿಸಿ ಮಾಂಸದ ಮೇಲೆ ಹೊಸದಾಗಿ ಬೀಜ ಬಿತ್ತಿದ ಹಾಗೆ, ಅದೂ ಪೈಪೋಟಿಗೆ ಬೇರೆ ಬ್ಯಾಕ್ಟೀರಿಯಾ ಒಂದೂ ಇಲ್ಲದ ಹೊಲ. ಇದು ನನ್ನ ಊಹೆ ಅಲ್ಲ, ಅಮೆರಿಕದಲ್ಲಿ ಈ ವಿಬ್ರಿಯೊದಿಂದ ಜನ ಗುಂಪುಗುಂಪಾಗಿ ಕಾಯಿಲೆ ಬಿದ್ದಿದ್ದು ಮೊದಲು ಖಚಿತವಾಗಿ ಪತ್ತೆಯಾಗಿದ್ದೇ ನಿಮ್ಮ ಮೇರಿಲ್ಯಾಂಡಲ್ಲಿ, 1971ರಲ್ಲಿ, ಏಡಿ ತಿಂದು, 400ಕ್ಕೂ ಹೆಚ್ಚು ಜನ. ಅಂದಿನಿಂದ ಇಲ್ಲಿ ನಮ್ಮ ಕೆಲಸದಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡೋ ಪಾಠ ಇದು, ಹಸಿ ಬುಟ್ಟಿ ಬೇರೆ, ಬೆಂದ ಬುಟ್ಟಿ ಬೇರೆ, ಇಕ್ಕಳನೂ ಬೇರೆ.

ಜೊತೆಗೆ ನೀವು ಕೆಂಪಾದ ತಕ್ಷಣ ಇಳಿಸಿದ್ರಿ. ಬಣ್ಣ ನಂಬಬೇಡಿ. ಏಡಿ ಚಿಪ್ಪಲ್ಲಿ ಕೆಂಪು ಬಣ್ಣ ಮೊದಲಿಂದಾನೇ ಇರತ್ತೆ, ಒಂದು ಪ್ರೋಟೀನ್ ಅದನ್ನ ಹಿಡಿದಿಟ್ಟು ನೀಲಿಯಾಗಿ ಕಾಣಿಸ್ತಿರತ್ತೆ, ಬಿಸಿ ತಾಗಿದ ಕೂಡಲೇ ಆ ಪ್ರೋಟೀನ್ ಹಿಡಿತ ಬಿಡತ್ತೆ. ಅದಾಗೋಕೆ ಕೆಲವೇ ನಿಮಿಷ ಸಾಕು, ಒಳಗಿನ ಮಾಂಸ ಆಗಿನ್ನೂ ಬಿಸಿಯಾಗ್ತಿರತ್ತೆ ಅಷ್ಟೆ. ಹಬೆ ಜೋರಾಗಿ ಬರೋಕೆ ಶುರುವಾದ ಮೇಲೆ ದೊಡ್ಡ ಏಡಿಗೆ 25 ನಿಮಿಷ ಬಿಡಿ. ಮಗನ ಹೊಟ್ಟೆ ಕೆಟ್ಟಿದ್ದು ಇದರಿಂದಾನೇ ಅಂತ ಪರೀಕ್ಷೆ ಇಲ್ಲದೆ ಹೇಳೋಕಾಗಲ್ಲ, ಆದ್ರೆ ತಿಂದು ಸುಮಾರು ಒಂದು ದಿನಕ್ಕೆ ಶುರುವಾಗಿ ಎರಡು ಮೂರು ದಿನಕ್ಕೆ ನಿಲ್ಲೋದು ಈ ವಿಬ್ರಿಯೊದ ನಡೆಗೆ ಚೆನ್ನಾಗೇ ಹೊಂದತ್ತೆ. ಮುಂದೆ ಯಾವತ್ತಾದ್ರೂ ರಕ್ತ ಹೋದ್ರೆ, ಜ್ವರ ಏರಿದ್ರೆ, ಮಗು ನೀರೂ ಕುಡಿಯದೆ ಸುಸ್ತಾದ್ರೆ ಡಾಕ್ಟರ್ ಹತ್ರ ಹೋಗಿ, ಏಡಿ ತಿಂದಿದ್ದು ಮರೀದೆ ಹೇಳಿ.

ಅಂದ್ರೆ ಉಷ್ಣ ಅಲ್ವಾ? ಅಮ್ಮನ ಮಾತನ್ನ ನಾನು ನಗೋಕೆ ಹೋಗಲ್ಲ. ನನ್ನಜ್ಜಿಯೂ ಏಡಿ ಸಾರಿನ ಮಾರನೇ ದಿನ ಎಲ್ಲರಿಗೂ ಕೋಕಮ್ ಶರಬತ್ತು ಕುಡಿಸ್ತಿದ್ರು. ಏಡಿ ಮಾಂಸದಲ್ಲಿ ಮೈ ಬಿಸಿ ಮಾಡೋ ವಿಶೇಷ ವಸ್ತು ಏನಿಲ್ಲ, ಆದ್ರೆ "ಬೇಸಿಗೇಲಿ ಏಡಿ ತಿಂದ್ರೆ ಹೊಟ್ಟೆ ಕೆಡತ್ತೆ" ಅನ್ನೋ ಅನುಭವ ಸುಳ್ಳಲ್ಲ, ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೇಲಿ ಏಡಿ ಬೇಗ ಕೆಡ್ತಿತ್ತು, ಅದಕ್ಕೆ ಅವರು ಇಟ್ಟ ಹೆಸರು ಉಷ್ಣ.

ಹುಣ್ಣಿಮೆ ವಿಷಯ ಇನ್ನೂ ಮಜಾ ಇದೆ, ಯಾಕಂದ್ರೆ ಇಲ್ಲಿನ ಹಳೇ ಏಡಿಗಾರರೂ ಹುಣ್ಣಿಮೆ ಏಡಿ ಟೊಳ್ಳು ಅಂತಾನೇ ಹೇಳ್ತಾರೆ, ಕುಂದಾಪುರದ ಅಮ್ಮನೂ ಚೆಸಪೀಕ್ ಮುದುಕನೂ ಮಾತಾಡ್ಕೊಂಡಿರೋ ಹಾಗೆ! ಏಡಿ ಒಳಗೆ ಎಷ್ಟು ಮಾಂಸ ಇದೆ ಅನ್ನೋದು ಚಿಪ್ಪು ಕಳಚಿ ಎಷ್ಟು ದಿನ ಆಯ್ತು ಅನ್ನೋದರ ಮೇಲೆ ಹೋಗತ್ತೆ. ಹಾವು ಪೊರೆ ಬಿಟ್ಟ ಹಾಗೆ ಏಡಿ ಹಳೇ ಚಿಪ್ಪಿಂದ ಹೊರಗೆ ಬಂದು, ನೀರು ಕುಡಿದು ಉಬ್ಬಿ, ಹೊಸ ದೊಡ್ಡ ಚಿಪ್ಪು ಗಟ್ಟಿ ಮಾಡ್ಕೊಳ್ಳತ್ತೆ. ಆಗ ಮನೆ ದೊಡ್ಡದು, ಒಳಗೆ ಸಾಮಾನಿಲ್ಲ, ಬರೀ ನೀರು. ಆಮೇಲೆ ವಾರಗಟ್ಟಲೆ ತಿಂದು ಆ ಜಾಗ ತುಂಬಿಸತ್ತೆ. ಚಂದ್ರನ ಲೆಕ್ಕಕ್ಕೂ ಚಿಪ್ಪು ಬಿಡೋದಕ್ಕೂ ಒಂಚೂರು ನಂಟಿದ್ರೂ ಇರಬಹುದು ಅಂತಾನೇ ಇಟ್ಕೊಳ್ಳಿ, ಆದ್ರೆ ಕೈಯಲ್ಲಿರೋ ಏಡಿನ ನೋಡಿ ಹೇಳೋಕೆ ಪಂಚಾಂಗ ಬೇಕಿಲ್ಲ. ತಿರುಗಿಸಿ ಹೊಟ್ಟೆ ನೋಡಿ. ಹೊಟ್ಟೆ ಪಿಂಗಾಣಿ ತಟ್ಟೆ ಥರ ಬೆಳ್ಳಗೆ ಹೊಳೀತಿದ್ರೆ ಹೊಸ ಚಿಪ್ಪು, ಟೊಳ್ಳು, ವಾಪಸ್ ಬಿಡಿ. ಹಳದಿ ಕಂದು ಕಲೆ, ತುಕ್ಕು ಹಿಡಿದ ಹಾಗೆ ಗಲೀಜಾಗಿ ಕಂಡ್ರೆ ಅದೇ ತುಂಬಿದ ಏಡಿ. ಆಮೇಲೆ ಮುಳ್ಳಿರೋ ತುದಿ ಹತ್ರ ಕೆಳಗಿನ ಚಿಪ್ಪನ್ನ ಹೆಬ್ಬೆರಳಲ್ಲಿ ಒತ್ತಿ, ಬಗ್ಗಿದ್ರೆ ಬೇಡ. ಸಂತೇಲಿ ತೆಂಗಿನಕಾಯಿ ಕೈಯಲ್ಲಿ ತೂಗಿ ನೋಡೋ ಹಾಗೆ ಒಂದೆರಡು ತೂಗಿ ನೋಡಿದ್ರೂ ಗೊತ್ತಾಗತ್ತೆ, ಒಂದೇ ಸೈಜಿನ ಎರಡು ಏಡಿಲಿ ತೂಕ ಅಷ್ಟು ವ್ಯತ್ಯಾಸ ಇರತ್ತೆ. ಇನ್ನೊಂದು ಗುಟ್ಟು, ಇಲ್ಲಿ ಏಡಿ ಅಂದ್ರೆ ಜುಲೈ ಪಾರ್ಟಿ ಅಂತ ಎಲ್ಲರೂ ಅಂದ್ಕೊಂಡಿರೋದು, ಆದ್ರೆ ಚಳಿಗೆ ಕೆಸರಲ್ಲಿ ಹೂತು ಮಲಗೋ ಮುಂಚೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಅವು ಹೊಟ್ಟೆ ಬಿರಿಯ ತಿಂದಿರ್ತವೆ, ತುಂಬಿದ ಏಡಿ ಬೇಕಂದ್ರೆ ಆಗ ಹೋಗಿ.

ಹೆಣ್ಣೇಡಿ ಬಿಡಿಸಿದ ಫ್ರೆಂಡಿಗೆ ಒಂದು ಕಾಫಿ ಕೊಡಿಸಿ, ದಂಡ ತಪ್ಪಿಸಿದಾನೆ. ಮೇರಿಲ್ಯಾಂಡಲ್ಲಿ ನಮ್ಮ ನಿಮ್ಮಂಥ ಹವ್ಯಾಸಕ್ಕೆ ಹಿಡಿಯೋರು ಗಟ್ಟಿ ಚಿಪ್ಪಿನ ಹೆಣ್ಣೇಡಿ ಇಟ್ಕೊಳ್ಳೋ ಹಾಗೇ ಇಲ್ಲ, ಮೊಟ್ಟೆ ಇರಲಿ ಇಲ್ಲದಿರಲಿ. ಗಂಡೇಡಿಗೂ ಮುಳ್ಳಿಂದ ಮುಳ್ಳಿಗೆ ಅಳತೆ ಇದೆ, ಜುಲೈ 14ರವರೆಗೆ 5 ಇಂಚು, 15ರಿಂದ ಐದೂಕಾಲು. ರೂಲ್ಸ್ ಆಗಾಗ ಬದಲಾಗ್ತವೆ, ಹೋಗೋ ಮುಂಚೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ವೆಬ್‌ಸೈಟ್ ಒಂದ್ಸಲ ನೋಡಿ. ಗಂಡು ಹೆಣ್ಣು ಗುರುತಿಸೋದು ಸುಲಭ, ಹೊಟ್ಟೆ ಮೇಲಿನ ಮಡಚಿದ ಪಟ್ಟಿ ಉದ್ದಕ್ಕೆ ಸಪೂರ ಕಂಬದ ಥರ ಇದ್ರೆ ಗಂಡು, ಅಗಲವಾಗಿ ಗುಮ್ಮಟದ ಥರ ಇದ್ರೆ ಬೆಳೆದ ಹೆಣ್ಣು (ಇಲ್ಲಿಯವರು ವಾಷಿಂಗ್ಟನ್ ಸ್ಮಾರಕ, ಕ್ಯಾಪಿಟಲ್ ಕಟ್ಟಡ ಅಂತ ನೆನಪಿಟ್ಕೊಳ್ತಾರೆ), ಹೆಣ್ಣಿನ ಕೈತುದಿ ನೇಲ್‌ಪಾಲಿಶ್ ಹಚ್ಚಿದ ಹಾಗೆ ಕೆಂಪು. ಯಾಕಿಷ್ಟು ಬಿಗಿ ಅಂದ್ರೆ, ಈ ಜಾತಿ ಹೆಣ್ಣು ಜೀವಮಾನದಲ್ಲಿ ಒಂದೇ ಸಲ, ಕೊನೇ ಸಲ ಚಿಪ್ಪು ಕಳಚೋವಾಗ ಮಾತ್ರ ಗಂಡಿನ ಜೊತೆ ಸೇರೋದು, ಆಮೇಲೆ ಕೊಲ್ಲಿಯ ಬಾಯಿ ಕಡೆ ಹೋಗಿ ಆ ಒಂದರಿಂದಾನೇ ಲಕ್ಷಗಟ್ಟಲೆ ಮೊಟ್ಟೆಯ ಗೊಂಚಲು ಹೊತ್ಕೊಳ್ಳತ್ತೆ. 1990ರಿಂದ ಪ್ರತಿ ಚಳಿಗಾಲ ಕೆಸರು ಬಾಚಿ ಏಡಿ ಎಣಿಸ್ತಾರೆ, 2022ರಲ್ಲಿ ಅಂದಾಜು 22.6 ಕೋಟಿಗೆ ಇಳೀತು, ಅಷ್ಟು ಕಡಿಮೆ ಯಾವತ್ತೂ ಆಗಿರ್ಲಿಲ್ಲ, 2025ರಲ್ಲಿ 23.8 ಕೋಟಿ, ಅದೂ ಕೆಳಗಿಂದ ಎರಡನೇದು. ಅಮ್ಮನಿಗೆ ಒಳಗಿನ ಕಿತ್ತಳೆ ಮೊಟ್ಟೆ ಬೇಕೇ ಬೇಕು ಅಂದ್ರೆ ಏಷ್ಯನ್ ಅಂಗಡಿಗಳಲ್ಲಿ ಲೈಸೆನ್ಸ್ ಇರೋರು ಹಿಡಿದ ಹೆಣ್ಣೇಡಿ ಕಾನೂನುಬದ್ಧವಾಗೇ ಸಿಗತ್ತೆ, ರೇಟೂ ಗಂಡಿಗಿಂತ ಕಮ್ಮಿ.

ಹಳದಿ ಬಗ್ಗೆ. ಪಕ್ಕದ ಮನೆಯವರು ಹೆಸರು ತಪ್ಪು ಹೇಳಿದಾರೆ, ವಿಷಯ ಸರಿ ಹೇಳಿದಾರೆ. ಇಲ್ಲಿ ಮಸ್ಟರ್ಡ್ ಅಂತ ಕರೆಯೋ ಆ ಹಳದಿ ಕೊಬ್ಬಲ್ಲ, ಮೊಟ್ಟೆಯೂ ಅಲ್ಲ, ಏಡಿಯ ಲಿವರ್ ಥರದ ಅಂಗ. ನೀರಲ್ಲಿರೋ ಕೆಟ್ಟದ್ದೆಲ್ಲ ಸೋಸಿ ಅಲ್ಲಿ ಸೇರತ್ತೆ. ತಲೆನೋವು ಪಾದರಸಕ್ಕಿಂತ ಹೆಚ್ಚಾಗಿ ಪಿಸಿಬಿ ಅನ್ನೋ ಹಳೇ ಕಾರ್ಖಾನೆ ರಾಸಾಯನಿಕದ್ದು, ಅಮೆರಿಕ 1979ರಲ್ಲೇ ಅದರ ತಯಾರಿಕೆ ನಿಲ್ಲಿಸಿದ್ರೂ ಬಾಲ್ಟಿಮೋರ್ ಬಂದರಿನಂಥ ಕಡೆ ಕೆಸರಲ್ಲಿ ಇನ್ನೂ ಕೂತಿದೆ. ಬಿಳಿ ಮಾಂಸಕ್ಕೆ ಈ ತೊಂದ್ರೆ ತೀರಾ ಕಡಿಮೆ, ಪಾದರಸದ ಲೆಕ್ಕದಲ್ಲಂತೂ ಏಡಿ ಗರ್ಭಿಣಿಯರಿಗೂ ಒಳ್ಳೇ ಆಯ್ಕೆ ಅಂತಾನೇ ಇಲ್ಲಿನ ಆಹಾರ ಇಲಾಖೆ ಪಟ್ಟಿಲಿದೆ. ಅಮ್ಮ ವರ್ಷಕ್ಕೆ ಒಂದೆರಡು ಸಲ ಒಂದು ಬೆರಳು ನೆಕ್ಕಿದ್ರೆ ಆಕಾಶ ಬೀಳಲ್ಲ. ಮಗನಿಗೆ ಮಾತ್ರ ಬೇಡ. ಆದ್ರೆ ಒಂದು ಮಾತು ಯಾರೂ ಹೇಳಲ್ಲ, ನಮ್ಮ ಗಸಿ ಮಾಡೋ ಕ್ರಮದಲ್ಲಿ ಆ ಹಳದಿನ ರುಚಿಗೆ ಅಂತ ಮಸಾಲೆಗೇ ಕಲಸ್ತೀವಲ್ಲ, ಆಗ ಅದು ಪೂರ್ತಿ ಗ್ರೇವಿಲಿ ಕರಗಿ ಎಲ್ಲರ ತಟ್ಟೆಗೂ ಹೋಗತ್ತೆ. ಇಲ್ಲಿನ ಏಡಿಲಿ ಗಸಿ ಮಾಡೋದಾದ್ರೆ ಮೊದಲೇ ಚಿಪ್ಪು ಬಿಡಿಸಿ ಹಳದಿ ತೊಳೆದು ತೆಗೀರಿ. ಪಕ್ಕದಲ್ಲಿ ಬೂದು ಬಣ್ಣದ ಹಕ್ಕಿಗರಿ ಥರದ ಕಿವಿರು ಇರತ್ತಲ್ಲ, ಅದನ್ನ ಇಲ್ಲಿ ಸತ್ತವನ ಬೆರಳು ಅಂತ ಕರೆದು ವಿಷ ಅಂತ ಹೆದರಿಸ್ತಾರೆ, ವಿಷ ಏನಿಲ್ಲ, ಬಾಯಿಗೆ ಹಳೇ ಸ್ಪಂಜು ಇಟ್ಟ ಹಾಗಾಗತ್ತೆ ಅಷ್ಟೇ, ಎಸೀರಿ.

ಅಪ್ಪನ ಬೆರಳು. ಪತ್ರದಲ್ಲಿ ನೀವು ಕೊನೇಲಿ ಹಾಕಿದೀರಿ, ನಾನಾಗಿದ್ರೆ ಮೊದಲು ಹಾಕ್ತಿದ್ದೆ. ವಿಬ್ರಿಯೊದಲ್ಲೇ ಇನ್ನೊಂದು ಜಾತಿ ಗಾಯದಿಂದ ಒಳಗೆ ಹೋಗತ್ತೆ. ತೀರಾ ಅಪರೂಪ, ಆದ್ರೆ ಬಂದ್ರೆ ಐದರಲ್ಲಿ ಒಬ್ಬರು ಉಳಿಯಲ್ಲ, ಅದೂ ಕೆಲವರು ಒಂದೆರಡು ದಿನದಲ್ಲೇ. ಲಿವರ್ ಕಾಯಿಲೆ, ಶುಗರ್ ಇರೋರಿಗೆ ಅಪಾಯ ಜಾಸ್ತಿ. ವಾಸಿಯಾಗಿದೆ ಅಂದ್ರಲ್ಲ, ಆ ಸಲದ ಚಿಂತೆ ಬಿಡಿ. ಇನ್ನೊಂದ್ಸಲ ಅಪ್ಪ ದಾರ ಎಳೀಲಿ, ಬಲೆ ಹಿಡೀಲಿ, ಏಡಿ ಬಿಡಿಸೋ ಕೆಲಸ ದಪ್ಪ ರಬ್ಬರ್ ಗ್ಲೌಸ್ ಹಾಕ್ಕೊಂಡು ನಿಮ್ಮ ಯಜಮಾನರು ಮಾಡ್ಲಿ. ಕಾಲಲ್ಲಿ ಗಾಯ ಇದ್ರೆ ನೀರಿಗೆ ಇಳಿಯೋದು ಬೇಡ. ಕಚ್ಚಿದ್ರೆ ಅಲ್ಲೇ ಕುಡಿಯೋ ನೀರು ಸೋಪಲ್ಲಿ ತೊಳೀರಿ, ಅರಿಶಿನ ಮೆತ್ತಿ ಕಾಯಬೇಡಿ. ಆ ಜಾಗ ಊದಿ, ನೋವು ಗಾಯಕ್ಕಿಂತ ಜಾಸ್ತಿ ಅನ್ನಿಸಿ, ಕೆಂಪು ಹರಡ್ತಾ ಇದ್ರೆ, ಗುಳ್ಳೆ ಎದ್ರೆ, ಚಳಿಜ್ವರ ಬಂದ್ರೆ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ "ಏಡಿ ಕಚ್ಚಿತ್ತು, ಕೊಲ್ಲಿ ನೀರು" ಅಂತ ಬಾಯಿಬಿಟ್ಟು ಹೇಳಬೇಕು. ವಿಸಿಟರ್ ಇನ್ಶೂರೆನ್ಸ್ ಪೇಪರ್ ಹುಡುಕ್ತಾ ಕೂರಬೇಡಿ, ಅದನ್ನ ಆಮೇಲೆ ನೋಡ್ಕೊಳ್ಳಬಹುದು.

ಬೇಯಿಸೋದು ಹೇಗೆ ಅಂತ ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮ ಮನೆ ದೊಡ್ಡ ಇಡ್ಲಿ ಪಾತ್ರೆಗಿಂತ ಒಳ್ಳೇ ಉಪಕರಣ ಬೇಡ, ಒಳಗಿನ ಇಡ್ಲಿ ತಟ್ಟೆ ತೆಗೆದು ತೂತಿರೋ ತಟ್ಟೆ ಒಂದೇ ಇಡಿ, ಕೆಳಗೆ ಅರ್ಧ ನೀರು ಅರ್ಧ ವಿನೆಗರ್. ಜೀವಂತ ಏಡಿನ ನೇರವಾಗಿ ಬಿಸಿಗೆ ಹಾಕಿದ್ರೆ ಅದು ಕಾಲು ಕಳಚಿ ಬಿಡತ್ತೆ, ತಟ್ಟೇಲಿ ಕಾಲು ಬೇರೆ ಮೈ ಬೇರೆ. ಮುಂಚೆ 15 ನಿಮಿಷ ಐಸಲ್ಲಿ ಮುಚ್ಚಿಟ್ರೆ ಮರಗಟ್ಟಿರತ್ತೆ, ಕಾಲೂ ಉಳಿಯತ್ತೆ, ನಿಮ್ಮ ಬೆರಳೂ ಉಳಿಯತ್ತೆ. ಇಲ್ಲಿಯವರು ಮೇಲೆ ಉದುರಿಸೋ ಓಲ್ಡ್ ಬೇ ಮಸಾಲೆ ಕಥೆ ಕೇಳಿದೀರಾ, ನಾಜಿ ಜರ್ಮನಿಯಿಂದ ತಪ್ಪಿಸ್ಕೊಂಡು ಬಾಲ್ಟಿಮೋರ್‌ಗೆ ಬಂದ ಗುಸ್ಟಾವ್ ಬ್ರುನ್ ಅನ್ನೋ ಯಹೂದಿ ಮಸಾಲೆ ವ್ಯಾಪಾರಿ ಮಾಡಿದ್ದು ಅದು. ಚೆನ್ನಾಗಿರತ್ತೆ ಆದ್ರೆ ಉಪ್ಪು ಭಾರಿ, ಅಪ್ಪನಿಗೆ ಬಿಪಿಯೂ ಇದ್ರೆ ಅವರ ಪಾಲಿಗೆ ಕಮ್ಮಿ ಹಾಕಿ. ಈ ಏಡಿ ಮಾಂಸ ಸಿಹಿ, ನಾಜೂಕು, ನಂಗೆ ಕೇಳಿದ್ರೆ ಮೊದಲ ದಿನ ಹಬೇಲಿ ಬೇಯಿಸಿ ಪೇಪರ್ ಹಾಸಿ ಕೂತು ತಿನ್ನಬೇಕು, ಕುಂದಾಪುರದ ಮಸಾಲೆ ಎರಡನೇ ದಿನಕ್ಕೆ. ಉಳಿದಿದ್ದನ್ನ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹಾಕಿ, ಸುಡು ಬಿಸಿಲಲ್ಲಿ ಡೆಕ್ಕಲ್ಲಿ ಕೂತಿದ್ರೆ ಒಂದೇ ಗಂಟೆ.

ಮುಂದಿನ ಸಲ ಹೋಗೋವಾಗ ಬಕೆಟ್ ಮನೇಲೇ ಬಿಡಿ. ತಳದ ಬಿರಡೆ ತೆಗೆದಿಟ್ಟ ಒಂದು ಕೂಲರ್, ತಳದಲ್ಲಿ ಐಸ್ ಚೀಲ, ಅದರ ಮೇಲೊಂದು ಒದ್ದೆ ಗೋಣಿ, ಏಡಿ, ಮತ್ತೆ ಮೇಲೊಂದು ಒದ್ದೆ ಗೋಣಿ, ಮುಚ್ಚಳ ಒಂದಿಂಚು ತೆರೆದಿರಲಿ. ಇಡೋದು ಎಸಿ ಇರೋ ಕಡೆ, ಡಿಕ್ಕಿಲಿ ಅಲ್ಲ. ಗೋಣಿ ಇಲ್ಲಿ ಎಲ್ಲಿ ಸಿಗತ್ತೆ ಅಂತೀರಾ, ಇಂಡಿಯನ್ ಸ್ಟೋರ್‌ನ ಬಾಸ್ಮತಿ ಅಕ್ಕಿ ಸೆಣಬಿನ ಚೀಲದಲ್ಲೇ ಬರತ್ತಲ್ಲ, ಅಮ್ಮ ಅದನ್ನ ಖಂಡಿತ ಎಸೆದಿರಲ್ಲ, ಎಲ್ಲೋ ಮಡಚಿ ಇಟ್ಟಿರ್ತಾರೆ, ಕೇಳಿ ನೋಡಿ.